ಮನೆಯವರ ಹತ್ತಿರದ ಕೀ

ಆಲ್ದೂರಿನ ಕೀ ಅಂಗಡಿಯಲ್ಲಿ ಕುಬ್ರಾ ತನ್ನ ಬೀರುವಿನ ಕೀಗಾಗಿ ಕಾಯುತ್ತಿದ್ದಳು. ಆಗ ನರ್ಸ್ ಉಡುಪಿನ ಹೆಂಗಸೊಬ್ಬಳು ಬಂದು, ಕಾರಿನ ಆರ್‌ಸಿಯನ್ನೂ ರಿಮೋಟ್ ಕೀಯನ್ನೂ ಅಂಗಡಿಯ ಉಬೈದನ ಮುಂದಿಟ್ಟಳು.

"ಇನ್ಮೇಲೆ ಈ ಕೀಗೆ ಮಾತ್ರ ಗಾಡಿ ಸ್ಟಾರ್ಟ್ ಆಗ್ಬೇಕು. ಇನ್ನೊಂದು ಕೀನ ಗಾಡಿಯಿಂದ ಅಳಿಸಿಬಿಡಿ."

"ಕಳೆದುಹೋಯ್ತಾ ಅಕ್ಕ?"

"ಇಲ್ಲ. ನಮ್ಮ ಮನೆಯವ್ರ ಹತ್ರ ಇದೆ."

ಉಬೈದ್ ಆರ್‌ಸಿಯನ್ನು ಎರಡು ಸಲ ಓದಿದ. ಮಾಲೀಕರ ಹೆಸರು ಸ್ವಾತಿ ಎಂದಿತ್ತು, ಗಾಡಿ ಅವಳದೇ.

"ಅವ್ರಿಗೆ ಹೇಳಿದೀರಾ?"

"ಹೇಳಿದ್ರೆ ಬಿಡ್ತಾರಾ? ನಾನು ಡ್ಯೂಟೀಲಿದ್ದಾಗ ಕುಡಿದು, ಮಗಳನ್ನ ಕೂರಿಸ್ಕೊಂಡು ದೇವರಮನೆ ಘಾಟಿಯ ತಿರುವಲ್ಲಿ ಓಡ್ಸಿದಾರೆ. ಎರಡು ಸಲ."

ಕುಬ್ರಾ ಕೇಳಿಸದವಳಂತೆ ರಸ್ತೆಯತ್ತ ತಿರುಗಿದಳು.

"ಅಳಿಸಿದ್ರೆ ಅವ್ರ ಕೀಯಿಂದ ಇಂಜಿನ್ ಸ್ಟಾರ್ಟ್ ಆಗಲ್ಲ," ಎಂದ ಉಬೈದ್. " ಆದ್ರೆ ಬಾಗಿಲಿಗೆ ಹಾಕಿ ತಿರುಗಿಸಿದ್ರೆ ಬಾಗಿಲು ತೆಗೆಯುತ್ತೆ. ನಿಮ್ಮ ಕೀ ಕಳೆದ್ರೆ ಮಾತ್ರ ಗಾಡಿ ನಿಂತಲ್ಲೇ ನಿಲ್ಲುತ್ತೆ."

"ನಿಲ್ಲಲಿ."

ಉಬೈದ್ ಲ್ಯಾಪ್‌ಟಾಪನ್ನು ಕಾರಿಗೆ ಜೋಡಿಸಿದ. ಹತ್ತು ನಿಮಿಷದ ಮೇಲೆ ರಿಮೋಟ್ ಕೀಯನ್ನು ಸ್ವಾತಿಯ ಕೈಗಿಟ್ಟ.

"ಆಯ್ತು. ಅಕ್ಕ, ಅವ್ರು ಸ್ಟಾರ್ಟ್ ಮಾಡೋಕೆ ನೋಡೋ ಹೊತ್ತಿಗೆ ನೀವು ಮನೇಲಿರ್ಬೇಡಿ."

"ನಾನಿಲ್ದಿದ್ರೆ ಅವ್ರ ಮುಂದೆ ಮಗಳೊಬ್ಬಳೇ ಇರ್ತಾಳೆ," ಎಂದು ಸ್ವಾತಿ ಕಾರು ಹತ್ತಿ ಮನೆಯ ಕಡೆಗೇ ತಿರುಗಿಸಿದಳು.