ಡೆಸ್ಮಂಡ್ ಇನ್ನೂ ಸೋತಿಲ್ಲ

ಅಯೋವಾದ ಆ ಸಣ್ಣ ಊರಿನ ಬೇಕರಿಯ ಸಾಲಿನಲ್ಲಿ ವಿಲ್ಮಾಳ ಮುಂದೆ ಇಬ್ಬರು ನಿಂತಿದ್ದರು. ಒಬ್ಬ ಊರಿನ ಬೇಸ್‌ಬಾಲ್ ತಂಡದ ಕೋಚ್ ಲಿಂಡ್‌ಕ್ವಿಸ್ಟ್. ಇನ್ನೊಬ್ಬ, ಇಲ್ಲಿ ಪಳಗಿದ ಹುಡುಗರನ್ನು ಕರೆಸಿಕೊಳ್ಳುವ ಪಟ್ಟಣದ ದೊಡ್ಡ ತಂಡದ ಹಾರ್ಲನ್. ಅವರ ಮಾತು ಆಟಗಾರ ಡೆಸ್ಮಂಡನ ಬಗ್ಗೆ. ಆಟಗಾರರನ್ನು ಊರವರೇ ಮನೆಯಲ್ಲಿಟ್ಟುಕೊಳ್ಳುವ ರೂಢಿಯಂತೆ ಅವನು ವಿಲ್ಮಾಳ ಮನೆಯಲ್ಲಿದ್ದ.

"ನಾಳೇನೇ ಕಳಿಸು ಮಾರಾಯ. ನಮ್ಮಲ್ಲಿ ಮೂರನೇ ಬೇಸ್ ಕಾಯೋ ಆಟಗಾರ ಕೈ ಮುರ್ಕೊಂಡು ಕೂತಿದಾನೆ," ಎಂದ ಹಾರ್ಲನ್.

"ಹುಡುಗ ಇನ್ನೂ ಮಾಗಿಲ್ಲ ಕಣೋ."

"ಚೆಂಡನ್ನ ಬೇಲಿಯಾಚೆ ಜೋಳದ ಹೊಲಕ್ಕೆ ಬಾರಿಸ್ತಾನೆ. ಇನ್ನೇನು ಮಾಗ್ಬೇಕು?"

"ಒಂದ್ಸಲಾನೂ ಸೋತಿಲ್ಲ ಅವನು. ಮೊದಲನೇ ಸೋಲು ಇಲ್ಲೇ ಆಗ್ಲಿ. ಅಲ್ಲಿ ಅಷ್ಟು ಜನರ ಮುಂದೆ ಬಿದ್ರೆ ಮತ್ತೆ ಏಳಲ್ಲ."

"ಸೋಲ್ಲಿ ಅಂತ ಕಾಯ್ತಿದೀಯಾ? ಒಳ್ಳೆ ಗುರು ಕಣಯ್ಯ ನೀನು!"

"ನನ್ನ ಮಾತು ಬಿಡು. ಅನ್ನ ಹಾಕೋರು ಹಿಂದೇನೇ ಇದಾರೆ, ಕೇಳು."

ಹಾರ್ಲನ್ ತಿರುಗಿದ. "ಏನಮ್ಮಾ, ಹೇಗಿದಾನೆ ನಿಮ್ಮ ಹುಡುಗ?"

ಡೆಸ್ಮಂಡನಿಗೆ ಒಳ್ಳೆಯದಾಗಲೆಂದು ವಿಲ್ಮಾ ಹೆಮ್ಮೆಯಿಂದಲೇ ಹೇಳಿದಳು: "ಹೊಟ್ಟೆ ತುಂಬ ಉಣ್ತಾನೆ, ಮಗು ಥರ ನಿದ್ದೆ ಮಾಡ್ತಾನೆ. ಒಂದು ಚಿಂತೇನೂ ಇಲ್ಲ ಅವನಿಗೆ."

"ಕೇಳಿಸ್ತಾ? ನಿದ್ದೆಗೆಡೋದು ಏನೂಂತ ಇನ್ನೂ ಗೊತ್ತಿಲ್ಲ," ಎಂದ ಲಿಂಡ್‌ಕ್ವಿಸ್ಟ್.

ಹಾರ್ಲನ್ ಕಾಫಿ ಲೋಟ ಎತ್ತಿಕೊಂಡ. "ಆಯ್ತಪ್ಪ. ಮುಂದಿನ ವರ್ಷ ನೋಡೋಣ."

ಇಬ್ಬರೂ ಹೊರಗೆ ಹೋದರು. ಏನು ಬೇಕೆಂದು ಅಂಗಡಿಯವಳು ಎರಡು ಸಲ ಕೇಳುವಷ್ಟರಲ್ಲಿ ವಿಲ್ಮಾ ಸಾಲು ಬಿಟ್ಟು, ತಾನಾಡಿದ ಮಾತನ್ನು ತಿದ್ದಲು ಅವರ ಹಿಂದೆ ಬಾಗಿಲಿನತ್ತ ಓಡಿದ್ದಳು.