ಕರ್ನೆಮೆಲ್ಕ್ ಹಾಕಿದ ಬಟಾಟಿ ಸೂಪು

ಹುಳಿ ಯಾಕಂದ್ರ, ನಿಮ್ಮಜ್ಜನ ತಪ್ಪಿನಿಂದ ಹುಳಿ, ಮತ್ತ್ಯಾಕ. ನಿನ್ನ ಗೆಳತಿ ಹೇಳಿದ್ದು ಖರೇನ ಐತಿ, ಈ ಡಚ್ಚರ ದೇಶದಾಗ ಬಟಾಟಿ ಸೂಪು ಹುಳಿ ಇರೂದಿಲ್ಲ. ಅಕಿ ನಮ್ಮನ್ಯಾಗ ಒಂದ ಚಮಚ ಬಾಯಾಗ ಇಟ್ಕೊಂಡು "ದಿಸ್ ಇಸ್ ನಾಟ್ ಸೂಪ್" ಅಂದ್ಲಂತ ನೀ ಮಾರಿ ಸಣ್ಣ ಮಾಡ್ಕೊಂಡು ಕುಂತೀ. ಅದಕ್ಕೇನಾತೀಗ. ಬಾ ಇಲ್ಲೆ, ಕುರ್ಚಿ ಎಳಕೋ, ತಮ್ಮನ್ನೂ ಕರಿ. ನಿಮ್ಮಜ್ಜಿ ಒಳಗ ಅದನ್ನ ಮಾಡಾಕತ್ತಾಳ, ಆಗೂತನಕ ಹೇಳಿಬಿಡ್ತೀನಿ. ನಿಮ್ಮವ್ವ ಬಂದ್ರ ಸಾಕು ಮಾಡ್ರಿ ಅಪ್ಪಾಜಿ ಅಂತಾಳ, ಅಕಿ ಬರೂಕಿಂತ ಮೊದಲ ಮುಗಸಬೇಕು.

ನೀ ಆವಾಗ ಇನ್ನೂ ಹೊಟ್ಟ್ಯಾಗಿದ್ದಿ. ನಾಕನೇ ತಿಂಗಳು. ಅಲ್ಲಲ್ಲ, ಮೂರು ತುಂಬಿ ನಾಕಕ್ಕ ಬಿದ್ದಿತ್ತು, ಹೌದು. ಬಸುರಿ ಅಂದಮ್ಯಾಲೆ ವಾಂತಿ ಇರೂದ, ಆದ್ರ ನಿಮ್ಮವ್ವಂದು ಅಂಥಾದ್ದಲ್ಲ. ನೀರು ಕುಡದ್ರೂ ಹೊರಗ. ಒಗ್ಗರಣಿ ವಾಸನಿ ಬಂತಂದ್ರ ಮುಗೀತು, ಬಚ್ಚಲಕ್ಕ ಓಡಬೇಕು. ಫೋನಿನ್ಯಾಗ ಮಗಳ ಮಾರಿ ನೋಡಿ ನಿಮ್ಮಜ್ಜಿ ಊರಾಗ ಕುಂತು ಅಳತಿದ್ಲು. ಇಬ್ಬರೂ ಹೋಗೂಣು ಅಂತ ವೀಸಾ ಮಾಡಿಸಿ ಟಿಕೀಟು ತಗಸಿದ್ವಿ. ಹೊಂಡಾಕ ಇನ್ನ ಎಂಟು ದಿನ, ನಿಮ್ಮಜ್ಜಿ ಬಚ್ಚಲದಾಗ ಕಾಲು ಜಾರಿ ಬಿದ್ಲು ನೋಡು, ಬಲಗೈ ಮುಂಗೈ ಮುರೀತು. ಡಾಕ್ಟರು ಪ್ಲಾಸ್ಟರ್ ಹಾಕಿ, "ವಿಮಾನದ ಮಾತು ಬಿಡ್ರಿ ಅಮ್ಮಾರ" ಅಂದ. ಹಂಗಾರ ಇಬ್ಬರೂ ಬ್ಯಾಡ ಅಂದೆ ನಾ. ಅಕಿ ಅಂದ್ಲು, "ನೀವರೆ ಹೋಗ್ರಿ. ಹುಡುಗಿ ಒಬ್ಬಾಕೀನ ಅದಾಳ." "ಹೋಗಿ ಏನ ಮಾಡ್ಲಿ, ನನಗ ಚಾ ಒಂದ ಬಿಟ್ರ ಏನೂ ಬರೂದಿಲ್ಲ." "ಚಾ ಬರತೈತಲ್ಲ. ಉಳಿದದ್ದು ಫೋನಿನ್ಯಾಗ ಹೇಳ್ತೀನಿ, ಹೋಗ್ರಿ." ಹಂಗಂದು ಎಡಗೈಲೆ ನನ್ನ ಬ್ಯಾಗಿನ್ಯಾಗ ಕಡ್ಲಿಹಿಟ್ಟು, ಅವಲಕ್ಕಿ, ಶೇಂಗಾ ಚಟ್ನಿ ಎಲ್ಲಾ ತುರುಕಿ ತುರುಕಿ ಇಟ್ಲು. ಆ ಕಡ್ಲಿಹಿಟ್ಟು ನೆನಪಿಟ್ಕೋರಿ, ಮುಂದ ಬರತೈತಿ.

ಬಂದೆ. ಬಂದು ನೋಡಿದ್ರ ನನ್ನ ಮಗಳು ಕೋಲಾಗಿದ್ಲು. ನಾ ರೈಲ್ವೆ ವರ್ಕ್‌ಶಾಪಿನ್ಯಾಗ ಫಿಟ್ಟರ್ ಇದ್ದಾಂವ, ಬೋಗಿ ತಳದಾಗ ಮಲಕೊಂಡು ಬ್ರೇಕ್ ಬಿಚ್ಚಿ ಮತ್ತ ಜೋಡಸ್ತಿದ್ದೆ, ಏನ ಕೆಟ್ರೂ ಎಲ್ಲಿ ಕೆಟ್ಟೈತಿ ಅಂತ ಕೈಗೆ ತಿಳೀತಿತ್ತು. ಇದು ತಿಳೀಲಿಲ್ಲ. ನಿಮ್ಮಪ್ಪ ಭಾಳ ಒಳ್ಳ್ಯಾಂವ, ಆದ್ರ ಅವಂದು ಟಿಲ್‌ಬರ್ಗ್‌ನ್ಯಾಗ ಹೊಸಾ ನೌಕರಿ, ಈ ರೈಸ್‌ವೈಕ್‌ನಿಂದ ದಿನಾ ಟ್ರೇನಿಗೆ ಹೋಗಿ ಬರಬೇಕು, ರಜಾ ಕೇಳೂ ಹಂಗಿಲ್ಲ. ಮುಂಜಾನೆ ಹೋದ್ರ ಸಂಜೀಗೆ ಬರಾಂವ. ನಡುವ ನಾನು, ನಿಮ್ಮವ್ವ. ಉಪ್ಪಿಟ್ಟು ಮಾಡಿದೆ, ಆಗಲಿಲ್ಲ. ಬ್ಯಾಳಿ ಕಟ್ಟು ಮಾಡಿದೆ, ಕುಕ್ಕರ್ ಸೀಟಿ ಹೊಡದ ಕೂಡಲೆ ಎದ್ದು ಓಡಿದ್ಲು. ಗಂಜಿ ಮಾಡಿದೆ, ಬಟ್ಟಲ ನೋಡಿ ಕಣ್ಣಾಗ ನೀರ ತಂದ್ಲು. "ಅಪ್ಪಾಜಿ, ನೀವು ಇಷ್ಟು ದೂರ ಬಂದು ಮಾಡಾಕತ್ತೀರಿ, ನನಗ ಒಂದೂ ಸೇರವೊಲ್ದು" ಅಂತ. ಅಯ್ಯ, ಅದಕ್ಕ ಯಾಕ ಅಳತಿ ಬಿಡವ್ವಾ ಅಂದೆ, ಅಂದು ಒಳಗ ಹೋಗಿ ನಾ ಅತ್ತೆ. ಈಗ ಹೇಳಾಕ ಏನ ನಾಚಿಕಿ.

ಮತ್ತ ಇಲ್ಲೆ ಬಸುರಿ ಹೆಂಗಸರನ್ನ ಮೊದಲ ನೋಡಾಕಿ ಡಾಕ್ಟರಲ್ಲ, ಸೂಲಗಿತ್ತಿ. ಸೂಲಗಿತ್ತಿ ಅಂದ್ರ ನಾ ನಮ್ಮ ಊರಾಗಿನಂಗ ಒಬ್ಬ ಮುದುಕಿ ಬರ್ತಾಳಂತ ಮಾಡಿದ್ದೆ, ಒಂದು ಎತ್ತರದ ಹುಡುಗಿ ಸೈಕಲ್ ಮ್ಯಾಲೆ ಬಂದ್ಲು. ನಿಮ್ಮವ್ವನ್ನ ಕಾಟಾ ಮ್ಯಾಲೆ ನಿಂದರಿಸಿದ್ಲು, ಬರಕೊಂಡ್ಲು, ಏನೇನೋ ಇಂಗ್ಲಿಷ್‌ನ್ಯಾಗ ಹೇಳಿದ್ಲು. ಹೋದ ಮ್ಯಾಲೆ ಕೇಳಿದೆ, ಏನಂದ್ಲವ್ವಾ. "ಶುಕ್ರವಾರ ಮತ್ತ ತೂಕ ನೋಡ್ತಾಳಂತ ಅಪ್ಪಾಜಿ. ಇನ್ನೂ ಇಳದಿದ್ರ ದವಾಖಾನಿಗೆ ಹಾಕಿ ಸಲಾಯಿನ್ ಹಚ್ಚಬೇಕಂತ." ಅವತ್ತು ಸೋಮವಾರ. ನಾ ಕ್ಯಾಲೆಂಡರ್ ನೋಡಿದೆ, ಶುಕ್ರವಾರ ಅಷ್ಟ ಕಾಣಸಾಕತ್ತು.

ನನ್ನ ಊಟದ್ದೂ ಒಂದು ಪಜೀತಿ. ಚಟ್ನಿ ವಾಸನಿ ಅಕಿಗೆ ಹೋಗಬಾರದಂತ ನಾ ಬ್ರೆಡ್ಡಿಗೆ ಶೇಂಗಾ ಚಟ್ನಿ ಹಚ್ಕೊಂಡು, ಕೋಟು ಟೊಪ್ಪಿಗಿ ಹಾಕ್ಕೊಂಡು, ಇಲ್ಲೇ, ಇದ ನಾವೀಗ ಕುಂತೀವಲ್ಲ, ಎಲ್ಲಾರ ಬಾಗಲದ ಮುಂದ ಹಾಯೂ ಈ ಉದ್ದನ ತೆರದ ಪಡಸಾಲ್ಯಾಗ ನಿಂತು ತಿಂತಿದ್ದೆ. ಥಂಡಿ ಅಂದ್ರ ಬ್ರೆಡ್ಡು ಬಾಯಿಗೆ ಬರೂದ್ರಾಗ ಕಲ್ಲಾಗಿರ್ತಿತ್ತು. ಬಾಜೂ ಬಾಗಲದಾಗ ನೀವು ಓಮಾ, ಅಂದ್ರ ಅಜ್ಜಿ, ಅಂತೀರಲ್ಲ, ಆ ರೀಟ್, ಆವಾಗಿನ್ನ ನಮಗ ಗುರ್ತಿಲ್ಲ, ಎರಡು ದಿನ ನೋಡಿದ್ಲು. ಮುದುಕನ್ನ ಮಗಳು ಹೊರಗ ಹಾಕ್ಯಾಳಂತ ತಿಳಕೊಂಡಾಳ. ಮೂರನೇ ದಿನ, ಮಂಗಳವಾರ, ಬಾಗಲಾ ತಗದು ಬಂದು, ಸೊಂಟದ ಮ್ಯಾಲೆ ಕೈ ಇಟ್ಕೊಂಡು, "ಡಾಟರ್ ಆಂಗ್ರಿ?" ಅಂದ್ಲು. ನಾ ಅಂದೆ, "ನೋ ಆಂಗ್ರಿ. ಬೇಬಿ." ಅಕಿಗೆ ತಿಳೀಲಿಲ್ಲ. ನಾ ಏನ ಮಾಡ್ಲಿ, ಹೊಟ್ಟಿ ಮುಂದ ಮಾಡಿ ತೋರಿಸಿದೆ, ಆಮ್ಯಾಲೆ ಬಗ್ಗಿ ವಾಂತಿ ಮಾಡಿದಂಗ ಮಾಡಿದೆ, ಓ ಓ ಅಂತ. ಅಕಿ ಮೊದಲ ಗಾಬರಿ ಆದ್ಲು, ಬಸುರಿ ನಾನ ಅಂತ ತಿಳದ್ಲೋ ಏನೋ, ಆಮ್ಯಾಲೆ ತಿಳದು ನಕ್ಕೋತ ಒಳಗ ಹೋದ್ಲು. ಅರ್ಧಾ ತಾಸಿಗೆ ಒಂದು ಬಟ್ಟಲ ಮ್ಯಾಲೆ ತಾಟು ಮುಚ್ಚಿಕೊಂಡು ಬಂದ್ಲು.

ಏನೂ ವಾಸನಿ ಇಲ್ಲ ಅದಕ್ಕ. ಬೆಳ್ಳಗ, ಗಟ್ಟಿ, ಮ್ಯಾಲೆ ಸ್ವಲ್ಪ ಹಸರ ಎಲಿ. ಬಟಾಟಿ ಸೂಪು. ಇದನ್ನೇನು ತಿಂತಾಳ ಅಂತ ಅಂಜ್ಕೋತ ಒಯ್ದೆ. ನಿಮ್ಮವ್ವ ಒಂದು ಚಮಚ ತಗೊಂಡ್ಲು. ಮತ್ತೊಂದು ತಗೊಂಡ್ಲು. ನಾಕು ಚಮಚ ಆತು, ಸಾಕು ಅಂದ್ಲು, ಮಲಕೊಂಡ್ಲು. ನಾ ಬಚ್ಚಲದ ಬಾಗಲಾ ತಗದು ಇಟ್ಟು ಕಾದೆ. ಅಕಿ ಏಳಲಿಲ್ಲ. ಹೊಟ್ಟ್ಯಾಗ ಕುಂತಿತ್ತು ಅದು. ಊರಿಗೆ ಫೋನ್ ಹಚ್ಚಿ ಹೇಳಿದೆ, ನಾಕು ಚಮಚ ತಿಂದ್ಲು ಅಂತ, ನಿಮ್ಮಜ್ಜಿ ನೆರೀಮನಿಯವರಿಗೆಲ್ಲಾ ಹೇಳಿ ಬಂದ್ಲಂತ.

ಬುಧವಾರನೂ ರೀಟ್ ಕೊಟ್ಲು, ಎಂಟು ಚಮಚ ಹೋತು. ಆದ್ರ ಗುರುವಾರ ಅಕಿ ತಂಗಿ ಊರಿಗೆ ಹೋಗೂದಿತ್ತು. ಹೋಗೂಮುಂದ ಒಂದು ಚೀಟ್ಯಾಗ ಬರದುಕೊಟ್ಲು, ಬರದು ಒಂದೊಂದಕ್ಕ ಬೆರಳಿಟ್ಟು ತಿಳಸಿದ್ಲು. ಆರ್ದಪ್ಪೆಲ್, ಬಟಾಟಿ ತಂದು ತೋರಿಸಿದ್ಲು. ಉಳ್ಳಾಗಡ್ಡಿ ತೋರಿಸಿದ್ಲು. ಪ್ರೈ, ಅದು ನಮ್ಮ ಉಳ್ಳಾಗಡ್ಡಿ ತಪ್ಪಲದ ದೊಡ್ಡಣ್ಣ. ಕಡೀಕ ಮೆಲ್ಕ್. ಮನ್ಯಾಗ ಹಾಲು ಮುಗದಿದ್ವಂತ ಕಾಣತೈತಿ, ಎರಡೂ ಕೈ ತಲಿ ಮ್ಯಾಲೆ ಕೋಡು ಮಾಡಿ "ಮೂ" ಅಂದ್ಲು. ತಿಳೀತು, ಮೆಲ್ಕ್ ಅಂದ್ರ ಹಾಲು. ನಗಬ್ಯಾಡ್ರಿ, ನೀವಿಬ್ಬರೂ ಡಚ್ ಕಲತು ಬಂದೀರಿ, ನಾ ಹಿಂಗ ಕಲತೀನಿ.

ಗುರುವಾರ ಮುಂಜಾನೆ ಚೀಟಿ ಹಿಡಕೊಂಡು ಅಂಗಡಿಗೆ ಹೋದೆ. ಎಲ್ಲಾ ಸಿಕ್ಕು. ಹಾಲಿನ ಕಡೆ ಹೋದ್ರ ಗ್ವಾಡಿ ತುಂಬ ಡಬ್ಬಿ, ನೀಲಿ, ಕೆಂಪು, ಹಸರ. ಯಾವುದು ತಗೋಬೇಕು. ಚಷ್ಮಾ ಮನ್ಯಾಗ ಬಿಟ್ಟು ಬಂದಿದ್ದೆ, ಡಬ್ಬಿ ದೂರ ಹಿಡದು ಒಂದೊಂದ ಅಕ್ಷರ ಓದಿದೆ. ಕೆ, ಎ, ಆರ್, ಎನ್. ಕರ್ನ. ಕರ್ನೆ ಮೆಲ್ಕ್. ಯವ್ವಾ, ಊರು ಬಿಟ್ಟು ಹನ್ನೊಂದು ದಿನ ಆಗಿತ್ತು ನನಗ, ಒಬ್ಬರ ಸಂಗಾಟ ಬಾಯಿ ತುಂಬ ಮಾತಾಡಿದ್ದಿಲ್ಲ, ಆ ಡಬ್ಬಿ ಮ್ಯಾಲೆ ಕರ್ನ ಅಂತ ನೋಡಿ ನನಗ ಎದಿ ತುಂಬಿ ಬಂತು. ಕರ್ನಾಟಕದವರ ಸಲುವಾಗಿ ಬ್ಯಾರೆ ಹಾಲು ಇಟ್ಟಾರಲ್ಲ, ಎಷ್ಟು ಛಲೋ ದೇಶ ಇದು ಅಂದ್ಕೊಂಡೆ. ಖರೆ ಹೇಳ್ತೀನಿ. ಇಷ್ಟು ಮಂದಿ ಕನ್ನಡದವರು ಇಲ್ಲೆ ನೌಕರಿ ಮಾಡ್ತಾರ, ಇಟ್ಟಿರಬಹುದು ಅನಸ್ತು. ಎರಡು ಡಬ್ಬಿ ತಗೊಂಡೆ.

ನಿಮ್ಮವ್ವ ಮಲಗಿದ್ಲು. ಬಟಾಟಿ ಹೆರದೆ, ಹೋಳು ಮಾಡಿದೆ, ಉಳ್ಳಾಗಡ್ಡಿ ಪ್ರೈ ತೊಳದು ಹೆಚ್ಚಿ ಎಲ್ಲಾ ಕೂಡಿಸಿ ಕುದಿಸಿದೆ. ಮೆತ್ತಗಾದ ಮ್ಯಾಲೆ ಸೌಟಿನ ಬೆನ್ನಲೆ ಒತ್ತಿ ಒತ್ತಿ ಹಿಸುಕಿದೆ. ಭಾಳ ಛಂದ ಆಗಿತ್ತು, ಥೇಟ್ ರೀಟ್ ಮಾಡಿದಂಗ. ಕುದಿಯೂದರಾಗ ನಮ್ಮ ಕರ್ನಾಟಕದ ಹಾಲು ಸುರುವಿದೆ. ಸುರುವಿ ಒಂದು ನಿಮಿಷ ಆಗಿಲ್ಲ, ಎಲ್ಲಾ ಒಡೀತು. ನೀರು ಬ್ಯಾರೆ, ಗಂಟು ಬ್ಯಾರೆ. ಬೆರಳು ಅದ್ದಿ ಬಾಯಾಗ ಇಟ್ಕೊಂಡ್ರ ಹುಳಿ. ನಾಳೆ ಶುಕ್ರವಾರ. ರೀಟ್ ಊರಾಗಿಲ್ಲ. ಮಗಳು ಎದ್ದು ಕೇಳಿದ್ರ ಏನ ಕೊಡ್ಲಿ. ಪಾತೇಲಿ ಎತ್ತಿ ಮೋರ್ಯಾಗ ಸುರುವಬೇಕಂತ ಅರಿವಿ ಹಿಡದೆ, ಅಷ್ಟರಾಗ ಏನೋ ಅನಸ್ತು, ಊರಿಗೆ ಫೋನ್ ಹಚ್ಚಿದೆ.

ಫೋನಿನ ಕ್ಯಾಮೆರಾ ಪಾತೇಲಿ ಮ್ಯಾಲೆ ಹಿಡದು ತೋರಿಸಿದೆ. ನಿಮ್ಮಜ್ಜಿ ನೋಡಿದ್ಲು. "ಏನ ಹಾಕೀರಿ?" "ಹಾಲು." "ಯಾವ ಹಾಲು?" "ಕರ್ನಾಟಕದ್ದು." ಅಕಿ ಮಾರಿ ಫೋನಿನ ಹತ್ತರ ತಂದ್ಲು. "ಬಾಯಾಗ ಹಾಕ್ಕೊಂಡ್ರೇನು?" "ಹಾಕ್ಕೊಂಡೆ. ಹುಳಿ ಐತಿ." "ಅದು ಮಜ್ಜಿಗಿರೀ. ಮಜ್ಜಿಗಿ ತಂದು ಕುದಿಸೀರಿ. ಐವತ್ತ ವರ್ಷ ಉಂಡೀರಿ, ಮಜ್ಜಿಗಿ ಯಾವುದು ಹಾಲು ಯಾವುದು ಗೊತ್ತಾಗಲಿಲ್ಲೇನು." ಬೈದ್ಲು. ಬೈಸಿಕೊಂಡೆ. "ಚೆಲ್ಲಿಬಿಡ್ತೀನಿ" ಅಂದೆ. ಆವಾಗ ನೋಡು ಅಕಿ ದನಿ ಬ್ಯಾರೆ ಆತು. "ಚೆಲ್ಲಬ್ಯಾಡ್ರಿ. ಕೆಳಗಿಳಸ್ರಿ, ಆರ್ಲಿ. ಮನ್ಯಾಗ ಮಜ್ಜಿಗಿ ಸಾರಿಗೆ ನಾ ಏನ ಹಾಕ್ತೀನಿ, ಒಡೀಬಾರದಂತ?" ನನಗೇನು ಗೊತ್ತು, ನಾ ಉಣ್ಣಾಂವ. "ಕಡ್ಲಿಹಿಟ್ಟು ಹಾಕ್ತೀನಿ. ಬ್ಯಾಗಿನ್ಯಾಗ ಇಟ್ಟೀನಿ, ತಗೀರಿ."

ತಗದೆ. ಎರಡನೇ ಡಬ್ಬಿಯೊಳಗಿನ ತಣ್ಣನ ಮಜ್ಜಿಗ್ಯಾಗ ಎರಡು ಚಮಚ ಹಿಟ್ಟು ಹಾಕಿ ಗಂಟಿಲ್ಲದಂಗ ಕಲಸಿದೆ. ಪಾತೇಲ್ಯಾಗಿಂದು ಆರಿದ ಮ್ಯಾಲೆ ನಿಮ್ಮಪ್ಪನ ಮಿಕ್ಸರ್‌ನ್ಯಾಗ ತಿರುವಿ, ಎರಡೂ ಕೂಡಿಸಿ ಮತ್ತ ಒಲಿ ಮ್ಯಾಲೆ ಇಟ್ಟೆ. "ಸಣ್ಣ ಉರಿ. ಕೈ ಬಿಡಬ್ಯಾಡ್ರಿ. ಒಂದ ಕಡೆ ತಿರುವ್ರಿ, ಹಿಂಗ, ಹಿಂಗ." ಪ್ಲಾಸ್ಟರ್ ಹಾಕಿದ ಕೈ ಮಡಲಾಗ ಇಟ್ಕೊಂಡು ಎಡಗೈಲೆ ಬರೇ ಗಾಳ್ಯಾಗ ಸೌಟು ತಿರುವಿ ತೋರಸ್ತಿದ್ಲು. ನಾ ಇಲ್ಲೆ ತಿರುವೂದು, ಅಕಿ ಅಲ್ಲೆ ತಿರುವೂದು. ನಾ ನಿಂದರಿಸಿದ್ರೂ ಅಕಿ ನಿಂದರಸವೊಲ್ಲಳು. ಮಗಳ ಹತ್ತರ ತಾ ಬರಲಿಲ್ಲಂತ ಅಕಿ ಹೊಟ್ಟ್ಯಾಗ ಎಷ್ಟು ಸಂಕಟ ಇತ್ತಂತ ನನಗ ಆವತ್ತು ತಿಳೀತು. ಅದನ್ನ ಬಾಯಿ ಬಿಟ್ಟು ಒಂದಿನ ಹೇಳಿದಾಕಿ ಅಲ್ಲ. ಕಾಲು ತಾಸು ಹಂಗ ತಿರುವಿದ್ವಿ ಇಬ್ಬರೂ. ಗಟ್ಟಿ ಆತು, ನುಣ್ಣಗಾತು, ಒಡದದ್ದು ಗುರ್ತ ಸೈತ ಸಿಗಲಿಲ್ಲ. ಒಂದು ಚೂರು ಉಪ್ಪು, ಅಷ್ಟ. ಒಗ್ಗರಣಿ ಇಲ್ಲ.

ಒಲಿ ಆರಿಸಿ ತಿರುಗಿ ನೋಡ್ತೀನಿ, ನಿಮ್ಮವ್ವ ಅಡಗಿಮನಿ ಬಾಗಲದಾಗ ನಿಂತಾಳ. ವಾಸನಿಗೆ ಎದ್ದು ಬಂದಿದ್ಲು. ಇಷ್ಟು ದಿನ ವಾಸನಿಗೆ ಓಡಿ ಹೋಗಾಕಿ, ಅವತ್ತು ಬಂದಿದ್ಲು. "ಅಪ್ಪಾಜಿ, ಅವ್ವನ ಮಜ್ಜಿಗಿ ಸಾರು ಮಾಡೀರೇನು?" ಅಂದ್ಲು. ಹೌದಂತ ಹೇಳ್ಬೇಕೋ ಅಲ್ಲಂತ ಹೇಳ್ಬೇಕೋ ತಿಳೀಲಿಲ್ಲ. ಬಟ್ಟಲಕ್ಕ ಹಾಕಿಕೊಟ್ಟೆ. ನಿಂತ ತಿಂದ್ಲು. ಬಟ್ಟಲ ಖಾಲಿ ಮಾಡಿ ಮತ್ತ ಮುಂದ ಚಾಚಿದ್ಲು. ಫೋನ್ ಇನ್ನೂ ಕಟ್ಟಿ ಮ್ಯಾಲೆ ಹಂಗ ಇತ್ತು, ಅದರಾಗಿಂದ ಮೂಗು ಏರಸೂ ಸಪ್ಪಳ ಬಂತು. "ಯಾರದು, ಅವ್ವನಾ?" ಅಂದ್ಲು ನಿಮ್ಮವ್ವ. "ನಾ ಅಲ್ಲ" ಅಂತ ನಿಮ್ಮಜ್ಜಿ. ನಾ ಸ್ಟೂಲ್ ತಗೊಂಡು ಹೋಗಿ ಬಚ್ಚಲದ ಮುಂದ ಕುಂತೆ. ಅರ್ಧಾ ತಾಸು ಕುಂತೆ, ಒಂದು ತಾಸು ಕುಂತೆ. ಯಾರೂ ಬರಲಿಲ್ಲ. ಹೋಗಿ ನೋಡಿದ್ರ ನಿದ್ದಿ ಹತ್ತಿತ್ತು, ತುಟಿ ಮ್ಯಾಲೆ ಬೆಳ್ಳಗ ಸೂಪು ಒಣಗಿತ್ತು, ಸಣ್ಣಾಕಿದ್ದಾಗ ಹಾಲು ಕುಡದು ಮಲಗಿದಂಗ.

ಶುಕ್ರವಾರ ಆ ಎತ್ತರದ ಹುಡುಗಿ ಬಂದ್ಲು, ಕಾಟಾ ಇಟ್ಲು. ನಾ ನೋಡಲಿಲ್ಲ, ಗ್ವಾಡಿ ಕಡೆ ಮಾರಿ ಮಾಡಿ ನಿಂತಿದ್ದೆ. "ಗುಡ್" ಅಂದ್ಲು. ಇಳದಿಲ್ಲ, ತಟಗ ಏರೈತಿ. ದವಾಖಾನಿ ತಪ್ಪಿತು. ಆಮ್ಯಾಲೆ ತಿಂಗಳಾನಗಟ್ಲೆ ಅದನ್ನ ಉಂಡ್ಲು ನಿಮ್ಮವ್ವ, ಬಟಾಟಿ, ಮಜ್ಜಿಗಿ, ಕಡ್ಲಿಹಿಟ್ಟು, ನೀನೂ ಒಳಗ ಕುಂತು ಅದನ್ನ ಉಂಡೀ. ರೀಟ್ ಊರಿಂದ ಬಂದು ಒಂದು ಚಮಚ ತಿಂದು ನಗಲಿಲ್ಲ ನೋಡು. "ಮೈ ಮದರ್" ಅಂದ್ಲು, ಅಕಿ ಅವ್ವನೂ ಇದ ಕರ್ನೆಮೆಲ್ಕ್‌ದಾಗ ಹಿಟ್ಟು ಹಾಕಿ ಗಂಜಿ ಮಾಡ್ತಿದ್ಲಂತ, ಮತ್ತೊಂದು ಬಟ್ಟಲ ಬೇಡಿದ್ಲು. ಆದ್ರೂ ಕರ್ನ ಅಂದ್ರ ಕರ್ನಾಟಕ ಅಲ್ಲ, ಮಜ್ಜಿಗಿ ಕಡಿಯೂದು ಅಂತ ಅಕೀನ ನನಗ ಹೇಳಿದ್ದು, ಕಡಗೋಲು ತಿರುವಿದಂಗ ಮಾಡಿ ತೋರಿಸಿ. ಸ್ವಲ್ಪ ಬ್ಯಾಸರ ಆತು ನನಗ.

ಅದಕ್ಕ ಹುಳಿ. ನಿನ್ನ ಗೆಳತಿಗೆ ಹೇಳು, ನಮ್ಮನ್ಯಾಗ ಹಿಂಗ ಅಂತ. ಮತ್ತ ಒಂದು ಮಾತು, ಏನರೆ ಒಡೀತಂದ್ರ ಸಿಟ್ಟಿಲೆ ಮೋರಿಗೆ ಸುರುವಬ್ಯಾಡ್ರಿ, ಉರಿ ಸಣ್ಣ ಮಾಡಿ ಕೈಯಾಡಿಸಿಕೋತ ನಿಂದರ್ರಿ, ಒಬ್ಬರ ಕೈ ಸೋತ್ರ ಇನ್ನೊಬ್ಬರು ಹಿಡೀರಿ. ಹಾಂ, ಕೇಳಾಕತ್ತೀಯಿಲ್ಲ, ಒಳಗ ಸೌಟಿನ ಸಪ್ಪಳ ನಿಂತಿತು. ನಿಮ್ಮಜ್ಜೀದು ಆ ಮುರದ ಕೈ ಇನ್ನೂ ನೆಟ್ಟಗಾಗಿಲ್ಲ. ಏಳು, ಹೋಗಿ ಸೌಟು ಇಸ್ಕೋ.