ಎರಡನೆಯ ಜಗ್ಗು

ನಂಬುವುದು ಬಿಡುವುದು ನಿಮಗೆ ಸೇರಿದ್ದು. ಇದು ನಮ್ಮ ಪಕ್ಕದ ಮನೆಯ ವಾಚ್ ರಿಪೇರಿಯವನಿಗೆ ಆದದ್ದು. ಅವನ ಬಾಯಿಂದಲೇ ಕೇಳಿದ್ದು.

ಆ ರಾತ್ರಿ ಅವನು ಅಂಗಡಿಯ ಷಟರ್ ಎಳೆದಾಗ ಹನ್ನೊಂದೂ ಇಪ್ಪತ್ತು. ದೊಡ್ಡ ರಸ್ತೆಯನ್ನು ಅಗೆದುಹಾಕಿದ್ದರು. ಬೇರೆ ದಾರಿಯಿಲ್ಲದೆ, ಹದಿನೆಂಟು ವರ್ಷದಿಂದ ಕಾಲಿಡದ ಓಣಿಗೆ ತಿರುಗಿದ. ಓಣಿಯ ಕೊನೆಗೆ ಬಾವಿ. ಬಾಯಿಗೆ ಕಬ್ಬಿಣದ ಜಾಲರಿ, ಮೇಲೆ ತುಕ್ಕು ಹಿಡಿದ ರಾಟೆ. ರಾಟೆಯಿಂದ ಕೆಳಗಿಳಿದ ಹಗ್ಗ... ಅಂದು ಬಿಟ್ಟದ್ದು ಬಿಟ್ಟ ಹಾಗೇ ಇತ್ತು.

ತಲೆ ತಗ್ಗಿಸಿ ದಾಟಿದ. ಹತ್ತು ಹೆಜ್ಜೆ ಹೋಗಿರಬೇಕು.

ಕಿರ್ರ್...

ಗಾಳಿಯಲ್ಲ. ಒಂದು ಎಲೆಯೂ ಅಲುಗುತ್ತಿರಲಿಲ್ಲ. ಹಗ್ಗವನ್ನು ಕೆಳಗಿನಿಂದ ಯಾರೋ ಒಂದು ಸಲ, ಒಂದೇ ಸಲ, ಜಗ್ಗಿದಾಗ ರಾಟೆ ಮಾಡುವ ಸದ್ದು ಅದು. ಅವನಿಗೆ ಆ ಸದ್ದು ಚೆನ್ನಾಗಿ ಗೊತ್ತಿತ್ತು. ಯಾಕೆ ಅಂತ ಹೇಳಬೇಕಾದರೆ ಕಪ್ಪೆಯ ಸಂಗತಿ ಹೇಳಬೇಕು.

ಕಪ್ಪೆ ಅವನ ಗೆಳೆಯ. ಬಾವಿಗಿಳಿದು ಪಂಪು ಸರಿಮಾಡುವ ಕೆಲಸ, ಅದಕ್ಕೇ ಆ ಅಡ್ಡಹೆಸರು. ವಾಚಿನವನ ತಂಗಿಗೂ ಕಪ್ಪೆಗೂ ಮದುವೆ ಗೊತ್ತಾಗಿತ್ತು. ಕಪ್ಪೆ ಇಳಿದಾಗ ಹಗ್ಗ ಹಿಡಿಯುವವನು ಯಾವಾಗಲೂ ವಾಚಿನವನೇ. ಬೇರೆಯವರ ಕೈಗೆ ಕಪ್ಪೆ ಜೀವ ಕೊಡುತ್ತಿರಲಿಲ್ಲ. ಇಬ್ಬರ ವಾಚನ್ನೂ ಸೆಕೆಂಡಿಗೆ ಸೆಕೆಂಡು ಹೊಂದಿಸಿಕೊಂಡೇ ಇಳಿಯುವುದು. ಐದು ನಿಮಿಷಕ್ಕೊಮ್ಮೆ ಕಪ್ಪೆ ಎರಡು ಸಲ ಜಗ್ಗಬೇಕು: ಚೆನ್ನಾಗಿದ್ದೇನೆ. ಮೇಲಿನವನೂ ಎರಡು ಸಲ ಜಗ್ಗಬೇಕು: ಇಲ್ಲೇ ಇದ್ದೇನೆ. ಅವರ ಕರಾರು ಇಷ್ಟೇ.

ವಾಚಿನವನು ಯಾವುದೋ ಪುಸ್ತಕ ಓದಿ ಒಮ್ಮೆ ಹೇಳಿದ್ದ, ಕಾಲ ಎಲ್ಲ ಕಡೆ ಒಂದೇ ಸಮ ಓಡುವುದಿಲ್ಲ, ಮಹಡಿಯ ಗಡಿಯಾರಕ್ಕಿಂತ ಬಾವಿಯ ತಳದ ಗಡಿಯಾರ ನಿಧಾನ, ಅಂತ. ಕಪ್ಪೆ ನಕ್ಕಿದ್ದ. "ಹಾಗಾದರೆ ನೀನು ಮುದುಕನಾದ ಮೇಲೂ ನಾನು ಹುಡುಗನೇ ಕಣೋ. ನಿನ್ನ ತಂಗಿಯ ಪುಣ್ಯ." ವಾಚಿನವನು ನಗಲಿಲ್ಲ. ಆಯಸ್ಸಿಡೀ ಬಾವಿಯಲ್ಲಿ ಕೂತರೂ ರೆಪ್ಪೆ ಬಡಿಯುವಷ್ಟು ವ್ಯತ್ಯಾಸವೂ ಬಾರದು ಅಂತ ಲೆಕ್ಕ ಒಪ್ಪಿಸಿದ್ದ.

ಮದುವೆಗೆ ಒಂಬತ್ತು ದಿನ ಇರುವಾಗ, ಸಂಜೆ ಏಳಕ್ಕೆ ಸರಿಯಾಗಿ, ಕಪ್ಪೆ ಈ ಬಾವಿಗೆ ಇಳಿದ. ಏಳೂ ಐದಕ್ಕೆ... ಕಿರ್ರ್. ಒಂದು ಜಗ್ಗು. ವಾಚಿನವನು ಎರಡನೆಯದಕ್ಕೆ ಕಾದ. ಬರಲಿಲ್ಲ. ಕೂಗಿದ. ಬಾವಿ ಅವನ ದನಿಯನ್ನೇ ಅವನಿಗೆ ತಿರುಗಿಸಿ ಕೊಟ್ಟಿತು. ಹಗ್ಗ ಎಳೆದರೆ ಅಲುಗಲಿಲ್ಲ. ಹಗ್ಗವನ್ನು ಕಂಬಕ್ಕೆ ಕಟ್ಟಿ ಜನರನ್ನು ಕರೆತರಲು ಓಡಿದ.

ಬೆಳಗಿನ ಹೊತ್ತಿಗೆ ನೀರೆಲ್ಲ ಹೊರಹಾಕಿ ನೋಡಿದರೆ ತಳದಲ್ಲಿ ಆಳೇ ಇಲ್ಲ. ಹಗ್ಗದ ತುದಿ ಒಂದು ಕಲ್ಲಿನ ಸಂದಿಯೊಳಗೆ ಹೋಗಿತ್ತು. ಆ ಸಂದಿಯಲ್ಲಿ ಕೈ ತೂರುತ್ತಿತ್ತು, ಮನುಷ್ಯ ತೂರುವಂತಿರಲಿಲ್ಲ. ನೀನು ಅತ್ತ ಹೋದಾಗ ಅವನು ಇತ್ತ ಹತ್ತಿಕೊಂಡು ಓಡಿದ್ದಾನೆ, ಮದುವೆ ಬೇಡವಾಗಿತ್ತು ಅಂತ ಕಾಣುತ್ತೆ, ಅಂದರು ಜನ. ವಾಚಿನವನಿಗೂ ಅದೇ ನಿಜ ಅನ್ನಿಸಿತು. ಕೈಹಿಡಿಯಬೇಕಾದವನೇ ಕೈಕೊಟ್ಟ.

ತಂಗಿ ಮಾತ್ರ ನಂಬಲಿಲ್ಲ. ಬಾವಿಕಟ್ಟೆ ಬಿಟ್ಟು ಏಳಲಿಲ್ಲ. ಮೂರನೆಯ ದಿನ ವಾಚಿನವನು ಒಂದು ಸುಳ್ಳು ಹೇಳಿದ. ಅವನು ಬಸ್ಸು ಹತ್ತಿದ್ದನ್ನು ನಾನೇ ಕಣ್ಣಾರೆ ನೋಡಿದೆ, ಅಂತ. ಅವಳು ಎದ್ದು ಮನೆಗೆ ಬಂದಳು. ಹೊಲಿಗೆಯವಳು, ಮದುವೆಗೆಂದು ಹೊಲಿದಿದ್ದ ಬಟ್ಟೆ ಬಿಚ್ಚಿ ದಿಂಬಿನ ಗವಸು ಮಾಡಿದಳು. ಬೇರೆ ಗಂಡು ಯಾವುದನ್ನೂ ಒಪ್ಪಲಿಲ್ಲ.

ಈಗ, ಹದಿನೆಂಟು ವರ್ಷದ ಮೇಲೆ... ಕಿರ್ರ್.

ವಾಚಿನವನು ಹಿಂದಿರುಗಿ ಬಂದು ಹಗ್ಗದ ಮೇಲೆ ಕೈಯಿಟ್ಟ. ಹಗ್ಗ ಇನ್ನೂ ನಡುಗುತ್ತಿತ್ತು. ಆಳದಲ್ಲಿ ಒಂದು ಹನಿ ಬಿತ್ತು. ಟಪ್ ಎಂದಲ್ಲ. ಟ... ಎಂದು ಶುರುವಾಗಿ, ಅವನು ಮೂರು ಸಲ ಉಸಿರಾಡಿದ ಮೇಲೆ... ಪ್.

"ಎರಡು," ಅಂತ ಅವನ ಬಾಯಿಂದ ತಾನಾಗಿ ಬಂತು.

ಕಪ್ಪೆ ಓಡಿಹೋಗಿರಲಿಲ್ಲ. ಚೆನ್ನಾಗಿದ್ದೇನೆ ಅಂತ ಹೇಳುತ್ತಿದ್ದ. ಹೇಳಿ ಮುಗಿಸಿದ್ದು ಈಗ. ಮೇಲಿನವನು ಎರಡು ಸಲ ಜಗ್ಗಬೇಕಿತ್ತು. ಕೈ ಏಳಲಿಲ್ಲ. ಇಲ್ಲೇ ಇದ್ದೇನೆ ಅಂತ ಯಾವ ಮುಖ ಹೊತ್ತು ಹೇಳುವುದು?

ಮನೆಗೆ ಹೋಗಿ ತಂಗಿಯನ್ನು ಎಬ್ಬಿಸಿದ. ಪಿಸುಮಾತಿನಲ್ಲಿ ಎಲ್ಲ ಹೇಳಿದ. ಅವಳು ದೀಪ ಹಾಕಲಿಲ್ಲ.

"ಬಸ್ಸು ಹತ್ತಿದ್ದು?"

"ನಾನು ನೋಡಿರಲಿಲ್ಲ."

"ನೋಡಿರಲಿಲ್ಲ..."

"ನೀನು ಅಲ್ಲೇ ಕೂತು ಸಾಯ್ತೀಯ ಅಂತ ಹೆದರಿ..."

"ಅವನಿಗೆ ಇನ್ನೂ ಏಳೂ ಐದು, ಅಣ್ಣಾ. ನನಗೆ ನಲವತ್ತೆರಡು."

ಬರಿಗಾಲಲ್ಲಿ ನಡೆದು ಹೋದಳು. ಟಾರ್ಚು ಹಿಡಿದು ಅವನೂ ಹಿಂದೆಯೇ ಹೋದ. ಜಾಲರಿಯ ಸಂದಿಯಲ್ಲಿ ಕೈ ತೂರಿಸಿ ಅವಳು ಹಗ್ಗ ಹಿಡಿದಳು. ಕಿರ್ರ್. ಕಿರ್ರ್. ಆಮೇಲೆ ಕಟ್ಟೆಯ ಮೇಲೆ ಕೂತು, ತಿರುಗಿ ನೋಡದೆ ಅಂದಳು:

"ಇನ್ನು ನೀವು ಹೋಗಿ."

ಹುಟ್ಟಿದಾಗಿನಿಂದ ಅಣ್ಣನನ್ನು ನೀನು ಅಂತಲೇ ಕರೆದವಳು. ಅದೇ ಅವಳು ಅವನೊಂದಿಗೆ ಆಡಿದ ಕೊನೆಯ ಮಾತು.

ಇದಾಗಿ ಇಪ್ಪತ್ತು ವರ್ಷ. ವಾಚಿನವನು ತೀರಿಕೊಂಡು ಆರಾಯಿತು. ಅವಳು ಮುಖ ನೋಡಲೂ ಬರಲಿಲ್ಲ. ಬಾವಿಯ ಎದುರಿನ ಕೋಣೆಯಲ್ಲಿ ಹೊಲಿಗೆ ಯಂತ್ರ ಹಾಕಿಕೊಂಡಿದ್ದಾಳೆ. ಜಾಲರಿ ತೆಗೆಸಿದ್ದಾಳೆ.

ಅವನ ತಲೆ ಕೆಟ್ಟಿತ್ತು ಅಂತ ನಾನೂ ಬಹಳ ವರ್ಷ ಅಂದುಕೊಂಡಿದ್ದೆ. ಮೊನ್ನೆ ಮಧ್ಯಾಹ್ನ ಒಂದು ಅಂಗಿ ಕೊಡಲು ಹೋದವನು ಆ ಹಗ್ಗ ಮುಟ್ಟಿ ನೋಡಿದೆ. ಸುಳ್ಳು ಹೇಳಿ ನನಗೆ ಆಗಬೇಕಾದ್ದು ಏನೂ ಇಲ್ಲ. ಹಗ್ಗ ಬಿಗಿಯಾಗಿತ್ತು, ಆಳೊಬ್ಬ ಹತ್ತಿ ಬರುತ್ತಿರುವಾಗ ಇರುವಷ್ಟು. ಎರಡು ತಿಂಗಳಿಂದ ಮಳೆಯಿಲ್ಲ, ಬಾವಿಯಲ್ಲಿ ನೀರು ತಳ ಸೇರಿದೆ. ಆದರೂ ರಾಟೆಯಿಂದ ಒಂದು ಮಾರು ಕೆಳಗೆ, ಒಂದು ಹಿಡಿಯಷ್ಟು ಹಗ್ಗ ಒದ್ದೆ ಇತ್ತು.